ಐದು ಮುಕ್ಕಾಲಿಗೆ ಗೇಟ್ ಹತ್ತಿರ: ಬಡಾವಣೆಯಲ್ಲೊಂದು ವಾಕಿಂಗ್ ಬಳಗ ಕಟ್ಟುವುದು ಹೀಗೆ

ಮೈಸೂರಿನ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ನಿಂತು ನೋಡಿದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ವಾಕಿಂಗ್ ಹೋಗುವುದು ಕಾಣುತ್ತಿತ್ತು. ಎಲ್ಲರೂ ಒಬ್ಬೊಬ್ಬರೇ. ಕಿವಿಗೆ ಇಯರ್‌ಫೋನ್, ಕೈಯಲ್ಲಿ ಮೊಬೈಲ್, ಎದುರು ಸಿಕ್ಕರೆ ತಲೆ ಆಡಿಸುವಷ್ಟು ಪರಿಚಯ. ಮೂರು ಮನೆ ಆಚೆ ಇರುವವರ ಹೆಸರೇನು ಅಂತ ಕೇಳಿದರೆ ನನಗೂ ಗೊತ್ತಿರಲಿಲ್ಲ. 2021ರಲ್ಲಿ ನನಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಅಂತ ಗೊತ್ತಾಯಿತು. ದಿನಾ ನಡೆಯಿರಿ ಅಂದರು ಡಾಕ್ಟರ್. ನಾಲ್ಕು ದಿನ ನಡೆದೆ, ಐದನೇ ದಿನ ಮಳೆ, ಆರನೇ ದಿನ ನಿದ್ದೆ, ಆಮೇಲೆ ಶೂ ಕಪಾಟಿನೊಳಗೆ ಹೋಯಿತು.

ಮತ್ತೆ ಶೂ ಹೊರಗೆ ಬಂದಿದ್ದು ಯಾಕೆ ಗೊತ್ತಾ? ಹಾಲಿನ ಬೂತಿನಲ್ಲಿ ಸಿಕ್ಕ ಎದುರು ಮನೆಯ ಮೇಷ್ಟ್ರು, "ನಾಳೆ ಐದು ಮುಕ್ಕಾಲಿಗೆ ನಿಮ್ಮ ಗೇಟ್ ಹತ್ತಿರ ಬರ್ತೀನಿ, ರೆಡಿ ಇರಿ" ಅಂದರು. ಅಷ್ಟೇ. ಎಪ್ಪತ್ತು ದಾಟಿದವರು ಚಳಿಯಲ್ಲಿ ಗೇಟ್ ಹತ್ತಿರ ನಿಂತಿರುತ್ತಾರೆ ಅಂದಮೇಲೆ ಮಲಗಿರುವುದು ಹೇಗೆ? ಆ ವಾರ ಇಬ್ಬರು, ಮುಂದಿನ ವಾರ ಮೂವರು. ಈಗ ನಮ್ಮ ಪಟ್ಟಿಯಲ್ಲಿ 34 ಹೆಸರಿದೆ, ದಿನಾ ಬರುವವರು ಹನ್ನೆರಡರಿಂದ ಹದಿನೈದು ಜನ. ಬೇರೆ ಬಡಾವಣೆಯವರು ಬಂದು "ನಾವೂ ಶುರು ಮಾಡಬೇಕು, ಹೇಗೆ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ಜನ ಸಾಕು

ಮೊದಲೇ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಬ್ಯಾನರ್ ಬೇಡ, ಟೀಶರ್ಟ್ ಬೇಡ, ಅಧ್ಯಕ್ಷರು ಕಾರ್ಯದರ್ಶಿ ಅಂತೂ ಬೇಡವೇ ಬೇಡ. ನೂರು ಜನರ ಗ್ರೂಪ್ ಮಾಡಿ "ನಾಳೆಯಿಂದ ಎಲ್ಲರೂ ಬನ್ನಿ" ಅಂತ ಹಾಕಿದರೆ ನೂರು ಹೆಬ್ಬೆರಳು ಬರುತ್ತವೆ, ಬೆಳಿಗ್ಗೆ ನೋಡಿದರೆ ನೀವೊಬ್ಬರೇ. ಇವತ್ತು ಊರೂರಿನ ಪಾರ್ಕುಗಳಲ್ಲಿ ಕಾಣುವ ನಗೆಕೂಟ ಇದೆಯಲ್ಲ, ಅದನ್ನು ಡಾಕ್ಟರ್ ಮದನ್ ಕಟಾರಿಯಾ ಅವರು 1995ರ ಮಾರ್ಚ್‌ನಲ್ಲಿ ಮುಂಬೈನ ಒಂದು ಪಾರ್ಕಿನಲ್ಲಿ ಶುರು ಮಾಡಿದಾಗ ಇದ್ದದ್ದು ಬೆರಳೆಣಿಕೆ ಜನ. ಆ ಬೆರಳೆಣಿಕೆ ಜನ ಮರುದಿನವೂ ಬಂದರು, ಅದು ಮುಖ್ಯ.

ಹಾಗಾಗಿ ಇಬ್ಬರನ್ನು ಹುಡುಕಿ. ಹಾಲಿನ ಬೂತ್, ತರಕಾರಿ ಗಾಡಿ, ಮಕ್ಕಳ ಸ್ಕೂಲ್ ಬಸ್ ನಿಲ್ಲುವ ಮೂಲೆ, ದೇವಸ್ಥಾನದ ಕಟ್ಟೆ. ಇಲ್ಲಿ ಸಿಗುವವರನ್ನೇ ಕರೆಯಿರಿ. ಕರೆಯುವ ಮಾತು ಸ್ಪಷ್ಟವಾಗಿರಲಿ. "ಯಾವಾಗಾದ್ರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ನಾಳೆ ಇಷ್ಟು ಗಂಟೆಗೆ ನಿಮ್ಮ ಮನೆ ಮುಂದೆ ನಿಂತಿರ್ತೀನಿ, ಇಪ್ಪತ್ತೇ ನಿಮಿಷ, ವಾಪಸ್ ನಿಮ್ಮ ಮನೆಗೇ ಬಿಡ್ತೀನಿ" ಅಂದರೆ ಬರುತ್ತಾರೆ. ಇಪ್ಪತ್ತು ನಿಮಿಷ ಅಂತ ಹೇಳಿದರೆ ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿ. ಮಾತಿನ ಭರದಲ್ಲಿ ಮುಕ್ಕಾಲು ಗಂಟೆ ಎಳೆದರೆ ಪಾಪ ಅವರ ಒಲೆ ಮೇಲಿನ ಕೆಲಸ ಕೆಡುತ್ತದೆ, ಮರುದಿನ ಬರುವುದಿಲ್ಲ. ಈ ಮೂವರು ಎರಡು ವಾರ ತಪ್ಪದೆ ನಡೆಯಿರಿ. ನಾಲ್ಕನೆಯವರನ್ನು ನೀವು ಕರೆಯಬೇಕಾಗಿಯೇ ಇಲ್ಲ, ದಿನಾ ನೋಡುತ್ತಿರುತ್ತಾರಲ್ಲ, ಅವರೇ "ನಾನೂ ಬರಬಹುದಾ" ಅಂತ ಕೇಳುತ್ತಾರೆ.

ಗುಂಪಾಗಿ ನಡೆದರೆ ಲಾಭ ಇದೆಯಾ ಅಂತ ಕೇಳುವವರಿಗೆ ಒಂದು ವಿಷಯ ಹೇಳುತ್ತೇನೆ. 2015ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ನಡಿಗೆ ಗುಂಪುಗಳ ಬಗ್ಗೆ ಆಗಿದ್ದ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಒಟ್ಟು 1843 ಜನ ಇದ್ದರು. ಬಿಪಿ ಇಳಿದಿತ್ತು, ಮೈಕೊಬ್ಬು ಕರಗಿತ್ತು, ಮನಸ್ಸಿನ ಕುಗ್ಗು ಕೂಡ ಕಡಿಮೆಯಾಗಿತ್ತು. ನನಗೆ ಇಷ್ಟವಾದದ್ದು ಇನ್ನೊಂದು. ಗುಂಪಿಗೆ ಸೇರಿದವರಲ್ಲಿ ಜಾಸ್ತಿ ಜನ ಅರ್ಧಕ್ಕೆ ಬಿಟ್ಟಿರಲಿಲ್ಲ.

ಆರು ಗಂಟೆ ಯಾರ ಗಂಟೆ?

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ವಾಕಿಂಗ್ ಅಂದ ಕೂಡಲೇ ಬೆಳಿಗ್ಗೆ ಆರು ಅಂತ ತೀರ್ಮಾನ ಮಾಡಿಬಿಡುತ್ತೇವೆ. ನಮ್ಮಲ್ಲೂ ಹಾಗೇ ಆಯಿತು. ಆರು ತಿಂಗಳಾದ ಮೇಲೆ ತಿರುಗಿ ನೋಡಿದರೆ ಬಂದವರಲ್ಲಿ ಮುಕ್ಕಾಲು ಪಾಲು ರಿಟೈರ್ ಆದ ಗಂಡಸರು. ಹೆಂಗಸರು ಎಲ್ಲಿ? ಒಂದು ಮನೆಗೆ ಹೋಗಿ ಕೇಳಿದೆ. ಆ ಅಕ್ಕ ಹೇಳಿದ್ದು ಇಷ್ಟೇ: "ಆರು ಗಂಟೆಗೆ ನಾನು ವಾಕ್ ಬಂದ್ರೆ ಡಬ್ಬಿಗೆ ಚಪಾತಿ ಯಾರು ಮಾಡ್ತಾರೆ?" ನಿಜ ಅಲ್ವಾ. ಕುಕ್ಕರ್ ಕೂಗಬೇಕು, ಮಕ್ಕಳು ಏಳಬೇಕು, ಅತ್ತೆಗೆ ಕಾಫಿ ಆಗಬೇಕು. ಆರು ಗಂಟೆ ಅನ್ನುವುದು ಬೇರೆಯವರು ಮಾಡಿದ ತಿಂಡಿ ತಿನ್ನುವವರ ಗಂಟೆ.

ಆಮೇಲೆ ಎರಡನೇ ಹೊತ್ತು ಇಟ್ಟೆವು, ಒಂಬತ್ತೂಕಾಲು. ಸ್ಕೂಲ್ ಬಸ್ ಹೋಗಿರುತ್ತದೆ, ಆಫೀಸಿನವರು ಹೊರಟಿರುತ್ತಾರೆ. ಬಸ್ ಹತ್ತಿಸಲು ಬಂದ ಅಮ್ಮಂದಿರು ಅಲ್ಲಿಂದಲೇ ಹೊರಡುತ್ತಾರೆ, ಮನೆಗೆ ಹೋದರೆ ಮತ್ತೆ ಕೆಲಸ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆ ಹೊತ್ತಿಗೆ ಬಿಸಿಲು ಏರಿರುತ್ತದೆ, ಹಾಗಾಗಿ ಮಾರ್ಚಿಯಿಂದ ಮೇ ತನಕ ಅದನ್ನು ಸಂಜೆ ಆರೂವರೆಗೆ ಬದಲಾಯಿಸುತ್ತೇವೆ. ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ರಾತ್ರಿ ಊಟ ಆದಮೇಲೆ ಎಂಟೂಮುಕ್ಕಾಲಿಗೆ ಹದಿನೈದು ನಿಮಿಷದ ಒಂದು ಸುತ್ತು. ಸಕ್ಕರೆ ಕಾಯಿಲೆ ಇರುವವರಿಗಂತೂ ಊಟ ಆದಮೇಲಿನ ಈ ಸಣ್ಣ ನಡಿಗೆ ತುಂಬಾ ಒಳ್ಳೆಯದು, ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದು ಇದರಿಂದ ಕಡಿಮೆಯಾಗುತ್ತದೆ. ನಿಧಾನವಾಗಿ ನಡೆದರೆ ಸಾಕು.

ಹೊತ್ತು ಗೊತ್ತು ಮಾಡಿದ ಮೇಲೆ ಅದನ್ನು ಅಲುಗಾಡಿಸಬೇಡಿ. ಐದು ನಿಮಿಷ ಕಾಯಿರಿ, ಆರನೇ ನಿಮಿಷಕ್ಕೆ ಹೊರಡಿ. ದೊಡ್ಡ ಮನುಷ್ಯರು ಬರಬೇಕು ಅಂತ ಹತ್ತು ನಿಮಿಷ ಕಾದರೆ ಸರಿಯಾದ ಹೊತ್ತಿಗೆ ಬಂದವರು ಬೇಸರ ಮಾಡಿಕೊಳ್ಳುತ್ತಾರೆ.

ದಾರಿ

ಜನರನ್ನು ಕರೆದುಕೊಂಡು ಹೋಗುವ ಮೊದಲು ಅದೇ ಹೊತ್ತಿಗೆ ನೀವೊಬ್ಬರೇ ಒಮ್ಮೆ ನಡೆದು ನೋಡಿ. ಮಧ್ಯಾಹ್ನ ಚೆನ್ನಾಗಿ ಕಂಡ ರಸ್ತೆ ಮುಂಜಾನೆ ಕತ್ತಲಲ್ಲಿ ಬೇರೆಯೇ ಇರುತ್ತದೆ. ಯಾವ ಬೀದಿದೀಪ ಉರಿಯುವುದಿಲ್ಲ, ಫುಟ್‌ಪಾತಿನ ಯಾವ ಚಪ್ಪಡಿ ಕಾಲಿಟ್ಟರೆ ಅಲುಗಾಡುತ್ತದೆ, ನಾಯಿಗಳು ಯಾವ ಮೂಲೆಯಲ್ಲಿ ಗುಂಪಾಗಿ ಮಲಗಿರುತ್ತವೆ, ಕೂರಲು ಕಟ್ಟೆ ಎಲ್ಲಿದೆ, ಶೌಚಾಲಯ ಎಲ್ಲಿದೆ, ಇದನ್ನೆಲ್ಲ ನೋಡಿಕೊಳ್ಳಿ. ಶೌಚಾಲಯದ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ವಯಸ್ಸಾದವರು, ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರದೇ ಇರಲು ಎಷ್ಟೋ ಸಲ ಇದೇ ಕಾರಣ. ದಾರಿಯಲ್ಲಿ ಇರುವ ಒಂದು ಮನೆಯವರು "ನಮ್ಮ ಹೊರಗಿನ ಬಾತ್‌ರೂಮ್ ಬಳಸಿ" ಅಂದಮೇಲೆ ನಮ್ಮಲ್ಲಿ ನಾಲ್ಕು ಜನ ಹೊಸದಾಗಿ ಬಂದರು.

ಉದ್ದ ದಾರಿ ಬೇಡ, ಸಣ್ಣ ಸುತ್ತು ಇರಲಿ. ಮುಕ್ಕಾಲು ಕಿಲೋಮೀಟರಿನ ಸುತ್ತು ಇದ್ದರೆ ಒಬ್ಬರು ಒಂದು ಸುತ್ತು ಹಾಕಿ ಮನೆಗೆ ಹೋಗಬಹುದು, ಇನ್ನೊಬ್ಬರು ನಾಲ್ಕು ಹಾಕಬಹುದು, ಯಾರೂ ಮನೆಯಿಂದ ದೂರ ಇರುವುದಿಲ್ಲ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ, ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಐದು ಜನ ಸಾಲಾಗಿ ರಸ್ತೆ ತುಂಬ ಹರಡಿಕೊಂಡು ಹೋಗುವುದು ಬೇಡ. ಮುಂಜಾನೆ ಕತ್ತಲಿಗೆ ತಿಳಿ ಬಣ್ಣದ ಅಂಗಿ, ಮುಂದಿನವರ ಹತ್ತಿರ ಒಂದು ಟಾರ್ಚ್, ಹಿಂದಿನವರ ಹತ್ತಿರ ಇನ್ನೊಂದು.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ನಿಜ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ, ಈಗ ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಕುವೆಂಪು ಅವರು ನಡೆದಾಡುತ್ತಿದ್ದ ದಂಡೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಾ ನಡೆದರೆ ಕಾಲು ನೋಯುವುದೂ ಗೊತ್ತಾಗುವುದಿಲ್ಲ. ಬೆಂಗಳೂರಿನವರಿಗೆ 240 ಎಕರೆಯ ಲಾಲ್‌ಬಾಗ್ ಇದೆ. ಆದರೂ ನನ್ನ ಅಭಿಪ್ರಾಯ ಏನೆಂದರೆ, ಕಾರಿನಲ್ಲಿ ಹೋಗಿ ವಾಕ್ ಮಾಡುವ ಬಳಗ ಬಾಳುವುದಿಲ್ಲ. ಪಾರ್ಕಿಂಗ್, ಟ್ರಾಫಿಕ್, ಇವತ್ತು ಯಾರ ಕಾರು ಅನ್ನುವ ಮಾತು, ಇದರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಮನೆ ಮುಂದಿನ ರಸ್ತೆಯಲ್ಲೇ ನಡೆದರೆ ಮನೆ ಮುಂದಿನವರ ಪರಿಚಯವಾಗುತ್ತದೆ. ಕೆರೆ, ಲಾಲ್‌ಬಾಗ್ ತಿಂಗಳಿಗೊಂದು ಭಾನುವಾರ ಇಟ್ಟುಕೊಳ್ಳಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಣ ಅಂತ ಹುಡುಗರು ಹುರುಪು ಮಾಡುತ್ತಾರೆ. ಸಾವಿರ ಮೆಟ್ಟಿಲು ಅಂದರೆ ಸುಮ್ನೆ ಅಲ್ಲ, ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆರು ತಿಂಗಳು ಸಮತಟ್ಟಾದ ನೆಲದಲ್ಲಿ ನಡೆದ ಮೇಲೆ ಯೋಚಿಸಿ. ಅವತ್ತೂ ಮಂಡಿ ನೋವಿರುವವರು ಬಸ್ಸಿನಲ್ಲಿ ಇಳಿಯಲಿ.

ಎಷ್ಟು ನಡೆಯಬೇಕು

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಆ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಣ್ಣ ಯಂತ್ರವನ್ನು ಮಾರಾಟಕ್ಕೆ ಬಿಟ್ಟಿತು. ಅದರ ಹೆಸರು ಮಂಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ಲೋಕವೆಲ್ಲ ಸುತ್ತಿತು. ಹತ್ತು ಸಾವಿರ ಆಗಲಿಲ್ಲ ಅಂತ ರಾತ್ರಿ ಹಾಲ್‌ನಲ್ಲಿ ಸುತ್ತುವವರನ್ನು ನೋಡಿದ್ದೇನೆ, ಅಷ್ಟು ಚಿಂತೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ 150 ಆಯಿತು. ಎರಡು ದಿನ ರಜೆಯೂ ಸಿಕ್ಕಿತು.

ಮಧ್ಯಮ ವೇಗ ಅಂದರೆ ಎಷ್ಟು? ವಾಚ್ ಬೇಡ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಆರಾಮಾಗಿ ಹಾಡುತ್ತಿದ್ದರೆ ಸ್ವಲ್ಪ ಜೋರು ಮಾಡಿ, ಮಾತು ತುಂಡು ತುಂಡಾಗಿ ಬರುತ್ತಿದ್ದರೆ ನಿಧಾನ ಮಾಡಿ. ಒಬ್ಬರೇ ನಡೆಯುವಾಗ ಇದು ಗೊತ್ತಾಗುವುದಿಲ್ಲ, ಜೊತೆಯಲ್ಲಿ ಯಾರಾದರೂ ಇದ್ದರೆ ತಾನಾಗಿಯೇ ಗೊತ್ತಾಗುತ್ತದೆ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ. ಹೊಸಬರಿಗೆ ಮೊದಲ ವಾರ ಹದಿನೈದು ನಿಮಿಷ ಸಾಕು, ವಾರಕ್ಕೆ ಐದೈದು ನಿಮಿಷ ಏರಿಸಿ.

65 ದಾಟಿದವರಿಗೆ ಬರೀ ನಡಿಗೆ ಸಾಲದು, ವಾರಕ್ಕೆ ಮೂರು ದಿನ ಮೈ ಸಮತೋಲನದ ಅಭ್ಯಾಸವೂ ಬೇಕು. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ, ಅದೇ ದೊಡ್ಡ ಭಯ. ಪಾರ್ಕಿನ ಕಲ್ಲುಬೆಂಚು ಹಿಡಿದು ಒಂದು ಕಾಲಿನ ಮೇಲೆ ಹತ್ತು ಎಣಿಸುವ ತನಕ ನಿಲ್ಲುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಗೆರೆ ಮೇಲೆ ನಡೆದ ಹಾಗೆ ಹತ್ತು ಹೆಜ್ಜೆ ಇಡುವುದು. ಇದನ್ನು ಕಿರಿಯರು ಪಕ್ಕದಲ್ಲಿ ನಿಂತು ಮಾಡಿಸಬೇಕು.

ಕೊನೆಯವರ ಜೊತೆ ಒಬ್ಬರು

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಲ್ಲರಿಗಿಂತ ನಿಧಾನ ನಡೆಯುವವರ ಜೊತೆ ದಿನಾ ಒಬ್ಬರು ಇರಲೇಬೇಕು. ನಮ್ಮಲ್ಲಿ ಇದಕ್ಕೆ ಪಾಳಿ ಇದೆ. ಇವತ್ತು ನಾನು, ನಾಳೆ ಮೇಷ್ಟ್ರು, ನಾಡಿದ್ದು ಕಾಲೇಜು ಹುಡುಗ.

ಇದನ್ನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷ ಮಂಡಿ ಆಪರೇಷನ್ ಆಗಿದ್ದ ಒಬ್ಬ ಆಂಟಿ ಬಂದರು. ತುಂಬಾ ಆಸೆಯಿಂದ ಹೊಸ ಶೂ ತೆಗೆದುಕೊಂಡು ಬಂದಿದ್ದರು. ನಾವೆಲ್ಲ ಮಾತಾಡುತ್ತಾ ಮುಂದೆ ಹೋದೆವು. ಅವರು ಹಿಂದೆ, ಇನ್ನೂ ಹಿಂದೆ, ಆಮೇಲೆ ತಿರುವಿನಲ್ಲಿ ಕಾಣಲೇ ಇಲ್ಲ. ಮೂರು ದಿನ ಹೀಗಾಯಿತು, ನಾಲ್ಕನೇ ದಿನ ಅವರು ಬರಲಿಲ್ಲ. ನಮಗೆ ಅದು ಗೊತ್ತಾಗಿದ್ದು ಎರಡು ವಾರದ ಮೇಲೆ. ಮನೆಗೆ ಹೋಗಿ ಕೇಳಿದಾಗ, "ನನ್ನಿಂದ ನಿಮಗೆಲ್ಲ ತೊಂದರೆ ಯಾಕೆ ಅಂತ ಸುಮ್ನಾದೆ ಕಣಮ್ಮ" ಅಂದರು. ನನಗೆ ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಡೆಯಲು ಯಾರಿಗೆ ಜಾಸ್ತಿ ಜೊತೆ ಬೇಕಿತ್ತೋ ಅವರನ್ನೇ ನಾವು ಬಿಟ್ಟು ಹೋಗಿದ್ದೆವು.

ಜೋರಾಗಿ ನಡೆಯುವವರಿಗೆ ಇದರಿಂದ ನಷ್ಟ ಏನೂ ಇಲ್ಲ. ಅವರು ಸುತ್ತಿನ ತುದಿ ಮುಟ್ಟಿ ತಿರುಗಿ ಬರಲಿ, ಕೊನೆಯವರನ್ನು ಮಾತಾಡಿಸಿ ಮತ್ತೆ ಮುಂದೆ ಹೋಗಲಿ. ಅವರಿಗೂ ಜಾಸ್ತಿ ನಡಿಗೆ ಸಿಗುತ್ತದೆ, ಕೊನೆಯವರಿಗೂ ಬೆಳಿಗ್ಗೆಯಿಂದ ನಾಲ್ಕು ಸಲ ಎಲ್ಲರ ಮುಖ ಕಾಣುತ್ತದೆ. ಯಾರು ಎಷ್ಟು ಹೆಜ್ಜೆ ಅಂತ ಗ್ರೂಪಿನಲ್ಲಿ ಹಾಕುವುದನ್ನು ನಿಲ್ಲಿಸಿ. ಅದನ್ನು ನೋಡಿ ಕುಗ್ಗುವವರೇ ಜಾಸ್ತಿ.

ಜೇಬಿನಲ್ಲಿ ಇರಬೇಕಾದ್ದು, ತಲೆಯಲ್ಲಿ ಇರಬೇಕಾದ್ದು

ಎಲ್ಲರ ಜೇಬಿನಲ್ಲೂ ಒಂದು ಚೀಟಿ ಇರಲಿ. ಹೆಸರು, ಮನೆಯವರ ಫೋನ್ ನಂಬರ್, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ. ಮೊಬೈಲಿಗೆ ಲಾಕ್ ಇರುತ್ತದೆ, ಚೀಟಿಗೆ ಇರುವುದಿಲ್ಲ. ಹೃದಯದ ತೊಂದರೆ ಇದ್ದವರು, ಈಚೆಗೆ ಆಪರೇಷನ್ ಆದವರು, ನಡೆದರೆ ಎದೆ ಹಿಡಿದ ಹಾಗಾಗುವವರು ಮೊದಲು ತಮ್ಮ ಡಾಕ್ಟರನ್ನು ಕೇಳಿಯೇ ಬರಲಿ.

ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಜೋರಾಗಿ ನಡೆದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜು, ಮಾತು ತಡವರಿಸುವುದು. ಕೂಡಲೇ ಕೂರಿಸಿ, ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮಲ್ಲಿ ಕೊನೆಯವರ ಜೊತೆ ಇರುವವರ ಚೀಲದಲ್ಲಿ ಗ್ಲೂಕೋಸ್ ಮತ್ತು ನೀರು ಇದ್ದೇ ಇರುತ್ತದೆ. ಸಕ್ಕರೆ ಇರುವವರು ಚಪ್ಪಲಿಯಲ್ಲಿ ನಡೆಯಬೇಡಿ, ಮನೆಗೆ ಬಂದಮೇಲೆ ಅಂಗಾಲು ನೋಡಿಕೊಳ್ಳಿ. ಸ್ಪರ್ಶ ಕಡಿಮೆ ಇರುವ ಕಾಲಿಗೆ ಗಾಯ ಆದದ್ದೇ ಗೊತ್ತಾಗುವುದಿಲ್ಲ.

ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು. ಇದನ್ನು "ಗ್ಯಾಸ್ಟ್ರಿಕ್ ಇರಬೇಕು, ಸ್ವಲ್ಪ ಸೋಡಾ ಕುಡೀರಿ" ಅಂತ ಯಾರೂ ಹೇಳಬೇಡಿ. ನಡಿಗೆ ನಿಲ್ಲಿಸಿ, ಕೂರಿಸಿ, 108. ಗ್ಯಾಸ್ಟ್ರಿಕ್ಕೇ ಆಗಿದ್ದರೆ ಆಸ್ಪತ್ರೆಯವರು ಹೇಳುತ್ತಾರೆ.

ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬಾರದು. ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ತುಂಬಾ ಉದ್ದ ಅನ್ನಿಸುತ್ತದೆ, ಆದರೂ ಪೂರ್ತಿ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ, ಪರಚಿದರೂ ಅಷ್ಟೇ. ಹಾಗಂತ ಕೋಲು ಹಿಡಿದು ನಾಯಿಗಳನ್ನು ಅಟ್ಟಿಸುತ್ತಾ ಹೋಗಬೇಡಿ, ದಿನಾ ಅದೇ ಹೊತ್ತಿಗೆ ಅದೇ ಗುಂಪು ಸಮಾಧಾನವಾಗಿ ಹೋಗುತ್ತಿದ್ದರೆ ಅವುಗಳಿಗೂ ಗುರುತಾಗುತ್ತದೆ.

ಪಾರ್ಕಿನ ಹೊರಗೆ ಸಿಗುವ ಹಾಗಲಕಾಯಿ, ಬೂದುಗುಂಬಳ, ಅಮೃತಬಳ್ಳಿ ರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಕ್ಕರೆ ಮಾತ್ರೆಯ ಜೊತೆ ದಿನಾ ಹಾಗಲ ರಸ ಕುಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಡಾಕ್ಟರನ್ನು ಕೇಳದೆ ಬೇಡ. ಮೊಳಕೆ ಕಟ್ಟಿದ ಹೆಸರುಕಾಳು ಹಾಗಲ್ಲ, ತೊಳೆದು ಶುಚಿಯಾಗಿ ಕೊಡುವವರ ಹತ್ತಿರ ಆರಾಮಾಗಿ ತಿನ್ನಿ.

ದುಡ್ಡು, ಜಗಳ, ಗ್ರೂಪು

ದುಡ್ಡು ಎತ್ತಬೇಡಿ. ಇದು ಉಚಿತ ಅನ್ನುವುದೇ ಇದರ ಬಲ. ನೂರು ರೂಪಾಯಿ ಎತ್ತಿದ ದಿನ ಲೆಕ್ಕ ಕೇಳುವವರು ಹುಟ್ಟುತ್ತಾರೆ, ಲೆಕ್ಕದ ಹಿಂದೆ ಮನಸ್ತಾಪ ಬರುತ್ತದೆ. ಕಾಫಿ ಕುಡಿದರೆ ಅವರವರದ್ದು ಅವರವರು ಕೊಡಲಿ, ಯಾರಿಗಾದರೂ ಮೊಮ್ಮಗು ಹುಟ್ಟಿದ ಖುಷಿಗೆ ಕೊಡಿಸಿದರೆ ಸಂತೋಷವಾಗಿ ಕುಡಿಯಿರಿ. ಇನ್ಶೂರೆನ್ಸ್, ಚೀಟಿ ವ್ಯವಹಾರ, ಸೈಟು, ತೂಕ ಇಳಿಸುವ ಪುಡಿ, ಇವುಗಳ ಮಾತು ಬಳಗದಲ್ಲಿ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ. ಮುಲಾಜು ಬೇಡ. ಒಬ್ಬರು ಮಾರಲು ಶುರು ಮಾಡಿದರೆ ನಾಲ್ಕು ಜನ ದಾರಿ ಬದಲಾಯಿಸುತ್ತಾರೆ.

ರಾಜಕೀಯ ಮಾತಾಡಬಾರದು ಅಂತ ನಾವು ನಿಯಮ ಮಾಡಿ ಸೋತೆವು, ಬೆಳಿಗ್ಗೆ ಪೇಪರ್ ಓದಿ ಬಂದವರ ಬಾಯಿ ಕಟ್ಟಲು ಆಗುವುದಿಲ್ಲ. ಈಗ ದನಿ ಏರಿದರೆ ಪಕ್ಕದವರು ಜೊತೆ ಬದಲಾಯಿಸುತ್ತಾರೆ, ಅಷ್ಟೇ. ನಡೆಯುತ್ತಾ ಜಗಳ ಆಡುವುದು ಕಷ್ಟ, ಉಸಿರು ಸಾಲುವುದಿಲ್ಲ.

ವಾಟ್ಸಾಪ್ ಗ್ರೂಪ್ ಎರಡು ತಿಂಗಳಾದ ಮೇಲೆ ಮಾಡಿ. ಅದಕ್ಕೆ ಮೂರೇ ಕೆಲಸ. ಇವತ್ತು ನಡಿಗೆ ಇಲ್ಲ ಅನ್ನಲು, ನಾನು ಬರುವುದಿಲ್ಲ ಅನ್ನಲು, ಯಾರಿಗಾದರೂ ತೊಂದರೆಯಾದರೆ ತಿಳಿಸಲು. ಶುಭೋದಯದ ಹೂವು ಬೇಡ.

ಹೊಸಬರು ಬಂದ ದಿನ ಅವರ ಸ್ವಂತ ಹೆಸರು ಕೇಳಿ. ಅಂಕಲ್, ಆಂಟಿ, ಸರ್, ಅಜ್ಜಿ ಅಂತ ಕರೆಯುವುದು ನಮ್ಮ ರೂಢಿ, ಇರಲಿ. ಆದರೆ ನಮ್ಮಲ್ಲಿ ಒಬ್ಬರನ್ನು ಹದಿನೆಂಟು ವರ್ಷದಿಂದ ಇಡೀ ರಸ್ತೆ ಮಗನ ಹೆಸರು ಹಿಡಿದು ಅವನ ಅಮ್ಮ ಅಂತಲೇ ಕರೆಯುತ್ತಿತ್ತು. ಮೊದಲ ದಿನ ಹೆಸರು ಕೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹೇಳಿದರು. ಈಗ ಎಲ್ಲರೂ ಆ ಹೆಸರಿಗೆ ಅಕ್ಕ ಸೇರಿಸಿ ಕರೆಯುತ್ತಾರೆ. ಉತ್ತರದ ಕಡೆಯಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗಿ ನಮ್ಮ ರಾತ್ರಿ ಸುತ್ತಿಗೆ ಬರುತ್ತಾಳೆ. ದಿನಕ್ಕೆ ಐದು ಕನ್ನಡ ಮಾತು ಅಂತ ಶುರು ಮಾಡಿದಳು, ಈಗ ತರಕಾರಿ ಗಾಡಿಯವರ ಹತ್ತಿರ ಚೌಕಾಸಿ ಮಾಡುತ್ತಾಳೆ.

ಎರಡು ದಿನ ಕಾಣದಿದ್ದರೆ

ಹೇಳದೆ ಎರಡು ದಿನ ಬರದಿದ್ದರೆ ಫೋನ್. ಫೋನ್ ತೆಗೆಯದಿದ್ದರೆ ಮನೆಗೆ. ಒಂಟಿಯಾಗಿರುವವರಾದರೆ ಎರಡನೇ ದಿನಕ್ಕೆ ಕಾಯಬೇಡಿ, ಅವತ್ತೇ ಹೋಗಿ. "ಯಾಕೆ ಬರಲಿಲ್ಲ" ಅಂತ ಗದರಿಸುವ ಹಾಗೆ ಕೇಳಬಾರದು, "ಹುಷಾರಾಗಿದ್ದೀರಾ" ಅಂತ ಕೇಳಿ.

ಮಕ್ಕಳು ವಿದೇಶದಲ್ಲಿರುವ ಒಬ್ಬ ಅಂಕಲ್ ಒಂದು ಬೆಳಿಗ್ಗೆ ಬರಲಿಲ್ಲ. ಒಂದು ದಿನವೂ ತಪ್ಪಿಸಿದವರಲ್ಲ. ಕೊನೆಯ ಸುತ್ತು ಬಿಟ್ಟು ಇಬ್ಬರು ಅವರ ಮನೆಗೆ ಹೋದರು. ಬೆಲ್ ಮಾಡಿದರೆ ಒಳಗಿನಿಂದ ಸಣ್ಣ ದನಿ. ರಾತ್ರಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು, ತೋಳು ಮುರಿದು, ಏಳಲಾಗದೆ ಬೆಳಗಿನ ತನಕ ಅಲ್ಲೇ ಇದ್ದರು. ಬಾಗಿಲು ಒಡೆಸಬೇಕಾಯಿತು. ಈಗ ಒಂಟಿಯಾಗಿರುವ ಐದೂ ಜನರ ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿದೆ, ಅವರ ಮಕ್ಕಳ ಫೋನ್ ನಂಬರ್ ಮೇಷ್ಟ್ರ ಡೈರಿಯಲ್ಲಿದೆ. ನಿಮ್ಮ ಬಳಗ ಆರು ತಿಂಗಳು ದಾಟಿದ ಕೂಡಲೇ ಈ ಎರಡು ಕೆಲಸ ಮಾಡಿ. ಬೀಗದ ಕೈ ಕೊಡಲು ಕೆಲವರು ಹಿಂಜರಿಯುತ್ತಾರೆ, ಒತ್ತಾಯ ಬೇಡ, ನಂಬಿಕೆ ಬಂದಮೇಲೆ ಅವರೇ ಕೊಡುತ್ತಾರೆ.

ದಿನಾ ನಡೆಯುವವರ ಕಣ್ಣಿಗೆ ಬೀಳದೇ ಇರುವುದು ಯಾವುದೂ ಇಲ್ಲ. ಆರಿದ ಬೀದಿದೀಪದ ಕಂಬದ ನಂಬರ್ ಬರೆದುಕೊಳ್ಳಿ, ಬಾಯಿ ತೆರೆದ ಚರಂಡಿಯ ಫೋಟೊ ತೆಗೆಯಿರಿ. ಒಬ್ಬರು ಹೋಗಿ ಹೇಳಿದರೆ ಪಾಲಿಕೆಯಲ್ಲಿ "ನೋಡೋಣ" ಅನ್ನುತ್ತಾರೆ, ಇಪ್ಪತ್ತು ಸಹಿಯ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದರೆ ಕೆಲಸ ಬೇಗ ಆಗುತ್ತದೆ.

ಮಳೆ, ದಸರಾ, ಧನುರ್ಮಾಸ

ಬಳಗಗಳು ಒಡೆಯುವುದು ಜಗಳದಿಂದ ಅಲ್ಲ, ಜೂನ್ ಜುಲೈ ಮಳೆಯಿಂದ. ನಾಲ್ಕು ದಿನ ತಪ್ಪಿದರೆ ಐದನೇ ದಿನ ಹಾಸಿಗೆ ಬಿಡುವುದಿಲ್ಲ. ನಮ್ಮಲ್ಲಿ ಮಳೆ ಬಂದರೆ ನಡಿಗೆ ಇಲ್ಲದಿದ್ದರೂ ಗೇಟ್ ಹತ್ತಿರ ಸೇರುವುದು ತಪ್ಪುವುದಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಸುತ್ತಲು ಬಿಡುತ್ತಾರೆ, ಅಲ್ಲಿ ಹತ್ತು ನಿಮಿಷ. ಕಲ್ಯಾಣಮಂಟಪ, ದೇವಸ್ಥಾನದ ಪ್ರಾಕಾರ ಯಾವುದಾದರೂ ಆದೀತು, ಮೊದಲೇ ಕೇಳಿ ಇಟ್ಟುಕೊಳ್ಳಿ. ಪಾಚಿ ಕಟ್ಟಿದ ಕಲ್ಲು ಹಾಸಿನ ಮೇಲೆ ಮಾತ್ರ ಯಾರನ್ನೂ ನಡೆಸಬೇಡಿ.

ದಸರಾ ಹತ್ತು ದಿನ ಮೈಸೂರಿನಲ್ಲಿ ಮನೆ ತುಂಬ ನೆಂಟರು. ರಜೆ ಕೊಡುವ ಬದಲು ನೆಂಟರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇವೆ, ಅವತ್ತು ಮೂವತ್ತು ಜನ. ಧನುರ್ಮಾಸದಲ್ಲಿ ಚಳಿಗೆ ಹೆದರಿ ಜನ ಕಡಿಮೆಯಾಗುತ್ತಾರೆ ಅಂದುಕೊಂಡಿದ್ದೆವು. ದಾರಿಯನ್ನು ದೇವಸ್ಥಾನದ ಕಡೆಗೆ ತಿರುಗಿಸಿದೆವು, ಬಿಸಿ ಹುಗ್ಗಿಯ ಪ್ರಸಾದ ತಿಂದು ವಾಪಸ್. ವರ್ಷದಲ್ಲೇ ಜಾಸ್ತಿ ಜನ ಬರುವ ತಿಂಗಳು ಈಗ ಅದೇ.

ಇನ್ನೊಂದು ಕೆಲಸ ಉಳಿಯಿತು. ಶುರು ಮಾಡಿದವರು ವರ್ಷಕ್ಕೊಮ್ಮೆ ಬೇಕಂತಲೇ ಒಂದು ವಾರ ಬರದೇ ಇರಬೇಕು. ನಿಮ್ಮನ್ನು ಬಿಟ್ಟು ಬಳಗ ನಡೆಯುತ್ತದಾ ಅಂತ ಆಗ ಗೊತ್ತಾಗುತ್ತದೆ. ಹೋದ ತಿಂಗಳು ಹೇಳಿಯೇ ಹತ್ತು ದಿನ ಊರಿಗೆ ಹೋಗಿದ್ದೆ. ಮೂರನೇ ದಿನ ಏಳು ಗಂಟೆಗೆ ಫೋನ್ ಬಂತು. ಮಂಡಿ ಆಪರೇಷನ್ ಆಗಿದ್ದ ಅದೇ ಆಂಟಿ. "ಇವತ್ತು ಹದಿನಾಲ್ಕು ಜನ ಕಣಮ್ಮ. ಹೊಸದಾಗಿ ಒಬ್ಬರು ಅಜ್ಜಿ ಬಂದಿದ್ರು, ಎರಡು ಹೆಜ್ಜೆಗೊಂದು ಸಲ ನಿಲ್ತಾರೆ. ಅವರ ಜೊತೆ ನಾನಿದ್ದೆ."